ಅಳತೆಯ ಮನುಷ್ಯರು

ಪಿಸ್ಟನ್ನಿಗೆ ತೊಡಿಸುವ ರಿಂಗು ಪೂರ್ತಿ ಬಳೆಯಲ್ಲ, ಒಂದು ಕಡೆ ಕತ್ತರಿಸಿರುತ್ತದೆ. ಸಿಲಿಂಡರಿನೊಳಗೆ ಅದನ್ನು ಕೂರಿಸಿದಾಗ ಎರಡು ತುದಿಗಳ ನಡುವೆ ಎಷ್ಟು ಸಂದು ಉಳಿಯಬೇಕು ಎನ್ನುವುದರ ಮೇಲೆ ಚೆನ್ನೈನ ಅಂಬತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಇಡೀ ಮಧ್ಯಾಹ್ನ ಕಳೆಯಿತು. ಮೇಜಿನ ಮೇಲಿದ್ದದ್ದು ಬೆಂಗಳೂರಿನಿಂದ ಬಂದ ಆಕ್ಟೇವಿಯಾ ಆರ್‌ಎಸ್ ಕಾರಿನ ಎರಡು ಲೀಟರ್ ಟರ್ಬೋ ಎಂಜಿನ್. ಕಂಪನಿಯಿಂದ ಬರುವಾಗ ಅದರ ಶಕ್ತಿ 230 ಎಚ್‌ಪಿ. ಟ್ರ್ಯಾಕಿನಲ್ಲಿ ಓಡಿಸಲು ಮಾಲೀಕರಿಗೆ 400 ಬೇಕಂತೆ.

ಕೆಲಸ ಹಿಡಿದವರು ತಾಳವಾಡಿ ಕಡೆಯ ಕನ್ನಡಿಗರು, ಅರವತ್ತು ದಾಟಿದವರು. ಹುಡುಗರಿಗೆಲ್ಲ ‘ಅಣ್ಣ’. ಹೆಸರು ಹಾಕಬೇಡಿ ಎಂದರು, ಹಾಕುವುದಿಲ್ಲ.

ರಿಂಗನ್ನು ಸಿಲಿಂಡರಿನ ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ಮೆಲ್ಲಗೆ ಒತ್ತಿ ಸಮ ಮಾಡುತ್ತಾರೆ. ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸುತ್ತಾರೆ. ಬಿಗಿಯಾದರೆ ರಿಂಗನ್ನು ಹೊರತೆಗೆದು ಸಣ್ಣ ಕೈಗ್ರೈಂಡರಿಗೆ ಎರಡು ಸುತ್ತು ಕೊಟ್ಟು, ಅಂಚಿನ ಮುಳ್ಳನ್ನು ಎಣ್ಣೆಕಲ್ಲಿಗೆ ಉಜ್ಜಿ, ಮತ್ತೆ ಒಳಗಿಟ್ಟು ಅಳೆಯುತ್ತಾರೆ. ಟರ್ಬೋ ಇಲ್ಲದ ಎಂಜಿನ್ನಿಗೆ ಬೋರಿನ ಅಗಲದ ಪ್ರತಿ ಇಂಚಿಗೆ ನಾಲ್ಕು ಥೌ ಲೆಕ್ಕ. ಥೌ ಎಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂದು. ಟರ್ಬೋ ಗಾಳಿ ತುಂಬುವ ಒತ್ತಡ, ಅಂದರೆ ಬೂಸ್ಟು, ಹೆಚ್ಚಿದ್ದರೆ ಐದೂವರೆ, ಆರು. ಈ ಎಂಜಿನ್ನಿನ ಬೋರು 82.5 ಮಿ.ಮೀ. ಹಾಗಾಗಿ ಸುಮಾರು 0.33 ಮಿ.ಮೀ. ಸಾಕಾಗುತ್ತಿದ್ದ ಕಡೆ 0.45 ಬೇಕು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಹೊತ್ತೇಕೆ? ರೈಲು ಹಳಿಗಳ ನಡುವೆ ಬಿಟ್ಟ ಸಂದಿನ ಹಾಗೆಯೇ ಇದು ಕಾವಿಗೆ ಬಿಟ್ಟ ಜಾಗ. ಟರ್ಬೋ ಎಂಜಿನ್ನಿನಲ್ಲಿ ಒಳಗಿನ ಬೆಂಕಿ ಹೆಚ್ಚು, ರಿಂಗು ಹಿಗ್ಗುವುದೂ ಹೆಚ್ಚು. ಸಂದು ಸಾಲದಿದ್ದರೆ ಎರಡು ತುದಿಗಳು ಒಂದಕ್ಕೊಂದು ತಾಕುತ್ತವೆ. ಮುಂದೆ ಹಿಗ್ಗಲು ದಾರಿಯಿಲ್ಲದೆ ರಿಂಗು ಸಿಲಿಂಡರಿನ ಗೋಡೆಯನ್ನು ಕೆರೆಯುತ್ತದೆ, ಪಿಸ್ಟನ್ನಿನ ಅಂಚನ್ನು ಮುರಿಯುತ್ತದೆ. ಲಕ್ಷಗಟ್ಟಲೆ ಸುರಿದ ಎಂಜಿನ್ ಒಂದೇ ಲ್ಯಾಪಿನಲ್ಲಿ ಗುಜರಿಯಾಗುತ್ತದೆ. ಸಂದು ತುಸು ಜಾಸ್ತಿಯಾದರೆ ಒಂದಿಷ್ಟು ಎಣ್ಣೆ ಕುಡಿಯುತ್ತದೆ, ಅಷ್ಟೆ. ಹಾಗಾಗಿ ತಪ್ಪಿದರೂ ಯಾವ ಕಡೆಗೆ ತಪ್ಪಬೇಕು ಎಂಬುದು ಅಣ್ಣನಿಗೆ ಗೊತ್ತು.

ಪ್ರತಿ ಅಳತೆಯೂ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಹೋಗುತ್ತದೆ. ಯಾವ ಸಿಲಿಂಡರು, ಯಾವ ರಿಂಗು, ಎಷ್ಟು ಸಂದು, ಬೇರಿಂಗಿನ ಸಡಿಲ ಎಷ್ಟು, ಹೆಡ್ಡಿನ ಬೋಲ್ಟಿಗೆ ಎಷ್ಟು ಟಾರ್ಕು, ಆಮೇಲೆ ಎಷ್ಟು ಡಿಗ್ರಿ ತಿರುವು. ಕನ್ನಡ, ತಮಿಳು ಅಕ್ಷರಗಳೆರಡೂ ಬೆರೆತ ಬರಹ. ಈ ಪುಸ್ತಕಗಳು ಕಪಾಟಿನ ತುಂಬ ಇವೆ. ನಾನು ಹೋದದ್ದು ಎಂಜಿನ್ ನೋಡಲು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಈ ಪುಸ್ತಕಗಳು.

ಟರ್ಬೋ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಸಣ್ಣ ಟರ್ಬೋಗಳ ಶಾಫ್ಟು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ, ಅದೂ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1977ರಲ್ಲಿ ರೆನೋ ಕಂಪನಿ ಇದನ್ನು ಫಾರ್ಮುಲಾ ಒನ್‌ಗೆ ತಂದಿತು. ಚೆನ್ನೈ ಆಸುಪಾಸಿಗೂ ಇದು ಹೊಸದಲ್ಲ. ಮಹಾಬಲಿಪುರದ ಕಡೆಯ ಪೈಯನೂರಿನಲ್ಲಿ ಟರ್ಬೋ ಎನರ್ಜಿ ಕಂಪನಿಯ ಕಾರ್ಖಾನೆಯಿದೆ. ನಮ್ಮ ಲಾರಿ, ಕಾರುಗಳ ಟರ್ಬೋಗಳು ಅಲ್ಲಿ ತಯಾರಾಗುತ್ತವೆ.

ಇನ್ನು ಇಲ್ಲಿನ ರೇಸಿನ ಇತಿಹಾಸ. ಅದನ್ನು ಅಣ್ಣನ ಬಾಯಿಂದಲೇ ಕೇಳಬೇಕು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಚೆನ್ನೈ ಬಳಿಯ, ಎರಡನೇ ಮಹಾಯುದ್ಧದ ಕಾಲದ ಶೋಳಾವರಂ ವಿಮಾನಪಟ್ಟಿಯೇ ಆಗಿನ ರೇಸ್ ಮೈದಾನ. ಸ್ಪ್ಯಾನರು ಎತ್ತಿಕೊಡುವ ಹುಡುಗನಾಗಿ ಅಣ್ಣ ಅಲ್ಲಿಗೆ ಬಂದರು. ವಿಜಯ್ ಮಲ್ಯ ತಂದ ಎನ್ಸೈನ್ ಫಾರ್ಮುಲಾ ಒನ್ ಕಾರು ಅಲ್ಲಿ ಓಡಿದ್ದನ್ನು ಕಂಡಿದ್ದಾರೆ. ಆದರೆ ಅವರ ಮಾತು ಅರಳಿದ್ದು ಬೆಂಗಳೂರಿನ ಸಿಪಾನಿ ಡಾಲ್ಫಿನ್ ಕಾರನ್ನು ನೆನೆದಾಗ. ಫೈಬರ್ ಗ್ಲಾಸಿನ ಮೈ, 848 ಸಿಸಿಯ ಪುಟ್ಟ ಅಲ್ಯೂಮಿನಿಯಂ ಎಂಜಿನ್. ರಸ್ತೆಯಲ್ಲಿ ಯಾರೂ ಲೆಕ್ಕಕ್ಕಿಡದ ಆ ಕಾರು ಒಳ್ಳೆಯ ಕೈಗೆ ಸಿಕ್ಕಾಗ ರ‍್ಯಾಲಿಗಳಲ್ಲಿ ದೊಡ್ಡ ಕಾರುಗಳನ್ನು ಹಿಂದಿಕ್ಕುತ್ತಿತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನಿಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಮುಂದೆ ಫಾರ್ಮುಲಾ ಒನ್ ಓಡಿಸಿದ ನರೈನ್ ಕಾರ್ತಿಕೇಯನ್ ಮೊದಲು ಪಳಗಿದ್ದು ಅಂಥ ಕಾರಿನಲ್ಲೇ. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಮಾತು ಬಂದಾಗ ಅಣ್ಣ ಕೈಯಲ್ಲಿದ್ದ ಗೇಜನ್ನು ಕೆಳಗಿಟ್ಟರು.

1990ರಲ್ಲಿ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ತೆರೆಯಿತು. ಉದ್ದ 3.7 ಕಿ.ಮೀ., ತಿರುವು ಹನ್ನೆರಡು. ಅಲ್ಲಿ ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ ರೇಸುಗಳು ಬಂದ ಮೇಲೆ ಟರ್ಬೋ ಕಾರು ನಮ್ಮ ಹುಡುಗರ ಕೈಗೂ ಸಿಕ್ಕಿತು. ಆದರೆ ಇಂಥ ರೇಸುಗಳಲ್ಲಿ ಎಂಜಿನ್ನಿಗೆ ಸೀಲು ಬಿದ್ದಿರುತ್ತದೆ, ತಂಡದವರು ಬಿಚ್ಚುವಂತಿಲ್ಲ. 2024ರಲ್ಲಿ ಚೆನ್ನೈನ ದ್ವೀಪ ಮೈದಾನದ ಸುತ್ತ ರಾತ್ರಿ ದೀಪದ ಬೆಳಕಲ್ಲಿ ಓಡಿದ ಫಾರ್ಮುಲಾ ಫೋರ್ ಕಾರುಗಳಲ್ಲಿದ್ದದ್ದೂ ಟರ್ಬೋ ಎಂಜಿನ್ನೇ, ಅದೂ ಹೊರದೇಶದ್ದು. ಎಲ್ಲರಿಗೂ ಸಮಾನ ಅವಕಾಶ ಸಿಗಬೇಕಾದರೆ ಸೀಲು ಬೇಕು, ಒಪ್ಪುತ್ತೇನೆ. ಆದರೆ ಕಟ್ಟುವ ಕೈಗಳಿಗೆ ಅಲ್ಲಿ ಕೆಲಸವಿಲ್ಲ ಎಂಬುದೂ ನಿಜ.

ನಮ್ಮವರ ಕೈ ದೊಡ್ಡ ಕಂಪನಿಗೆ ಒಮ್ಮೆ ಬೇಕಾಗಿತ್ತು. ಹಳೆಯ ರೇಸರ್ ಜೆ. ಆನಂದ್ ಅವರ ಕೊಯಮತ್ತೂರಿನ ಜಯೆಂ ಸಂಸ್ಥೆಯ ಜೊತೆ ಸೇರಿ ಟಾಟಾ ಮೋಟಾರ್ಸ್ 2018ರಲ್ಲಿ ಟಿಯಾಗೊ ಜೆಟಿಪಿ, ಟಿಗೋರ್ ಜೆಟಿಪಿ ಕಾರುಗಳನ್ನು ತಂದಿತು. 1.2 ಲೀಟರ್ ಟರ್ಬೋ, 114 ಪಿಎಸ್ ಶಕ್ತಿ. ಸಾಮಾನ್ಯ ಮನುಷ್ಯ ಶೋರೂಮಿನಲ್ಲೇ ಕೊಳ್ಳಬಹುದಾದ, ರೇಸಿನವರ ಕೈಯಿಂದ ಬಂದ ಕಾರು. 2020ರ ಹೊತ್ತಿಗೆ ಆ ಪ್ರಯತ್ನ ನಿಂತಿತು. ನಿಲ್ಲಬಾರದಿತ್ತು.

ಅಣ್ಣನ ಬಳಿ ಬರುವ ಈಗಿನ ಗಿರಾಕಿಗಳಿಗೆ ಅವಸರ. ಲ್ಯಾಪ್‌ಟಾಪ್ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಎಂಜಿನ್ ಕಂಪ್ಯೂಟರಿನ ಮ್ಯಾಪು ಬದಲಿಸಿ ರೀಮ್ಯಾಪ್ ಮಾಡಿದರೆ ಶಕ್ತಿ ಏರುತ್ತದೆ, ಶಕ್ತಿ ಅಳೆಯುವ ಡೈನೋದ ಕಾಗದದಲ್ಲಿ ದೊಡ್ಡ ಅಂಕಿ ಬರುತ್ತದೆ. ಆದರೆ ಬೂಸ್ಟು ಏರಿಸಿದರೆ ಪೆಟ್ರೋಲು ಹೆಚ್ಚು ಬೇಕು, ಇಗ್ನಿಷನ್ನನ್ನು ಹಿಂದೆ ಸರಿಸಬೇಕು. ಇಲ್ಲದಿದ್ದರೆ ಇಂಧನ ತಾನಾಗಿಯೇ ಸಿಡಿಯುವ ನಾಕಿಂಗ್ ಶುರುವಾಗುತ್ತದೆ. ಚೆನ್ನೈನ ಮೇ ತಿಂಗಳಲ್ಲಿ, ಟರ್ಬೋದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೊಡೆಯುವ ಗಾಳಿಯೇ ನಲವತ್ತು ಡಿಗ್ರಿ. ಡಿಸೆಂಬರಿನಲ್ಲಿ ಸರಿಯಾಗಿದ್ದ ಮ್ಯಾಪು ಆಗ ಪಿಸ್ಟನ್ನಿಗೆ ತೂತು ಮಾಡಬಲ್ಲದು. ಅದಕ್ಕೇ ಅಣ್ಣ 400 ಕೇಳಿದವರಿಗೆ 340 ಸಾಕು ಎನ್ನುತ್ತಾರೆ. ಕೆಲವರು ಬೇಸರಪಟ್ಟು ಬೇರೆ ಕಡೆ ಹೋಗುತ್ತಾರೆ. ಇನ್ನು ಕೆಲವರು ಮುರಿದ ಪಿಸ್ಟನ್ನನ್ನು ಹಿಡಿದು ವಾಪಸು ಬರುತ್ತಾರೆ.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಇದು ಸರಿಯಾದ ಕಾನೂನು. 400 ಎಚ್‌ಪಿಯ ಜಾಗ ಟ್ರ್ಯಾಕು, ಚೆನ್ನೈನ ಅಣ್ಣಾ ಸಾಲೈ ರಸ್ತೆ ಅಲ್ಲ. ಅಣ್ಣನ ಎಂಜಿನ್ನುಗಳು ಇರುಂಗಾಟ್ಟುಕೋಟ್ಟೈಗೆ ಹೋಗುವುದೂ ಬರುವುದೂ ಟ್ರಕ್ಕಿನ ಮೇಲೆ.

ಕೆಲಸ ಕಲಿಯಲು ಬರುವ ಹುಡುಗರು ಕಮ್ಮಿಯಾಗಿದ್ದಾರೆ. ಎರಡು ವರ್ಷ ಬರೀ ತೊಳೆಯುವುದು, ಅಳೆಯುವುದು, ಬರೆಯುವುದು. ಅಷ್ಟು ತಾಳ್ಮೆ ಇದ್ದವರಿಗೆ ಒರಗಡಂ ಕಡೆಯ ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳ ಸಿಗುತ್ತದೆ. ಅಣ್ಣನ ಮಗ ಕೂಡ ಅಲ್ಲೇ ಕೆಲಸಕ್ಕಿದ್ದಾನೆ. ಅದರ ಬಗ್ಗೆ ಅವರಿಗೆ ದೂರಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಟ್ರ್ಯಾಕಿಗೆಂದು ಇಂಥ ಎಂಜಿನ್ ಕಟ್ಟಿಸುವ ಆಸೆಯಿದ್ದರೆ, ಎಷ್ಟು ಎಚ್‌ಪಿ ಕೊಡುತ್ತೀರಿ ಎಂದು ಕೇಳುವ ಮೊದಲು ಹಿಂದಿನ ಎಂಜಿನ್ನಿನ ಅಳತೆ ಬರೆದಿಟ್ಟ ಪುಸ್ತಕ ತೋರಿಸಿ ಎನ್ನಿ. ತೋರಿಸಿದವರಿಗೆ ಎಂಜಿನ್ ಒಪ್ಪಿಸಿ, ಅವರು ಕೇಳಿದಷ್ಟು ದಿನ ಕೊಡಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಫಾರ್ಮುಲಾ ಭಾರತ್ ಸ್ಪರ್ಧೆಗೆ ತಾವೇ ಕಾರು ಕಟ್ಟುತ್ತಾರೆ. ಅವರ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಇಂಥ ಹಿರಿಯರನ್ನು ಗೌರವಧನ ಕೊಟ್ಟು ಒಂದು ಸೆಮಿಸ್ಟರ್ ಕರೆಸಿಕೊಳ್ಳಿ, ಆ ಪುಸ್ತಕಗಳ ಒಂದೊಂದು ಪ್ರತಿಯನ್ನು ಕಾಲೇಜಿನ ಲೈಬ್ರರಿಯಲ್ಲಿಡಿ.