ನಮ್ಮ ಊರುಗಳ ಹೆಸರಿನ ಚೋದ್ಯ

ದಿನವೂ ಕಣ್ಣಿಗೆ ಬೀಳುವುದನ್ನು ನಾವು ನೋಡುವುದೇ ಇಲ್ಲ. ಅದರಲ್ಲಿಯೂ ಊರಿನ ಹೆಸರುಗಳನ್ನು. ಈ ಸಂಚಿಕೆಗೆ ಏನು ಬರೆಯಲೆಂದು ದೂರದ ವಿಷಯಗಳನ್ನೆಲ್ಲ ಹುಡುಕಿ ಬೇಸತ್ತು, ಕೊನೆಗೆ ಕಾಲೇಜಿಗೆ ಬರುವ ದಾರಿಯ ರೈಲು ನಿಲ್ದಾಣದ ಹಲಗೆಗಳನ್ನೇ ಹಿಡಿದು ಕುಳಿತೆ.

ಮೊದಲು ಬಂಗಾರಪೇಟೆ. ಹೊಸಬರು ಈ ಹೆಸರು ಕೇಳಿದೊಡನೆ ಅಲ್ಲಿ ಬೀದಿಬೀದಿಗೂ ಅಕ್ಕಸಾಲಿಗರು ಕುಳಿತಿರುವರೆಂದು ಭಾವಿಸುವುದುಂಟು. ಅಲ್ಲಿ ಹೆಸರಾದದ್ದು ಪಾನಿಪುರಿ! ಅದರ ನೀರಿಗೂ ಬಣ್ಣವಿಲ್ಲ. ಬಾವಿಯ ನೀರಿನಂತೆ ತಿಳಿಯಾಗಿರುತ್ತದೆ. ಖಾರ ಮಾತ್ರ ಕಣ್ಣಿಗೆ ತಪ್ಪಿಸಿಕೊಂಡು ನಾಲಗೆಗೆ ಸಿಕ್ಕಿಬೀಳುತ್ತದೆ. ಈ ಊರಿನ ಹಿಂದಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೌರಿಂಗರ ನೆನಪಿನದು. ಮುಂದೆ ದೊರೆ ಹೋಗಿ ಬಂಗಾರ ಬಂದಿತು. ಗಣಿಗಳಿದ್ದುದು ಆ ತಾಲ್ಲೂಕಿನಲ್ಲಿಯೇ ಆದುದರಿಂದ ಹೆಸರು ತೀರ ಹುಸಿಯೇನಲ್ಲ. ಆದರೆ ರೈಲ್ವೆಯವರು ಹಳೆಯ ಸ್ನೇಹ ಬಿಟ್ಟಿಲ್ಲ. ಆ ನಿಲ್ದಾಣದ ಸಂಕೇತಾಕ್ಷರ ಇಂದಿಗೂ ‘ಬಿ.ಡಬ್ಲ್ಯು.ಟಿ.’ ಬಂಗಾರಪೇಟೆಯೊಳಗೆ ‘ಡಬ್ಲ್ಯು’ ಎಲ್ಲಿಂದ ಬಂತೆಂದು ಪಕ್ಕದ ಪ್ರಯಾಣಿಕರನ್ನು ಕೇಳಿ ನೋಡಿ. ಬೌರಿಂಗ್ ಸಾಹೇಬರು ಆ ಒಂದಕ್ಷರದ ಮರೆಯಲ್ಲಿ ಇನ್ನೂ ಪ್ರಯಾಣ ಮಾಡುತ್ತಿದ್ದಾರೆ.

ಅಲ್ಲಿಂದ ಗಣಿಗಳಿಗೆಂದೇ 1894ರಲ್ಲಿ ತೆರೆದ ಕವಲುದಾರಿಯಲ್ಲಿ ಮಾರಿಕುಪ್ಪದ ಕಡೆಗೆ ಹೊರಟರೆ ಕೋರಮಂಡಲ್ ನಿಲ್ದಾಣ ಸಿಗುತ್ತದೆ. ಭೂಗೋಳದ ಪುಸ್ತಕದಲ್ಲಿ ಕೋರಮಂಡಲವೆಂದರೆ ಸಮುದ್ರತೀರ; ಇಲ್ಲಿಂದ ಆ ತೀರಕ್ಕೆ 200 ಕಿಲೋಮೀಟರಿಗೂ ಮಿಕ್ಕ ದೂರ. ಇಲ್ಲಿದ್ದ ಗಣಿಯ ಹೆಸರು ನಿಲ್ದಾಣಕ್ಕೆ ಅಂಟಿಕೊಂಡಿತು, ಅಷ್ಟೆ. ಆದರೂ ಸಮುದ್ರಕ್ಕೂ ನಮಗೂ ಬೇರೊಂದು ನಂಟುಂಟು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಗಿತ್ತು. ಊರಿರುವುದು ಸಮುದ್ರಮಟ್ಟಕ್ಕಿಂತ ಒಂದು ಕಿಲೋಮೀಟರಿಗೂ ಕಡಿಮೆ ಎತ್ತರದಲ್ಲಿ. ಎಂದರೆ, ಸಮುದ್ರವನ್ನೇ ಕಾಣದ ನಮ್ಮ ಹಿರಿಯರು ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರ್ ಕೆಳಗೆ ಹೋಗಿ ದುಡಿದು ಬರುತ್ತಿದ್ದರು! ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಯನ್ನು ಮೀರುತ್ತಿತ್ತು.

ಇನ್ನು ‘ಕೋಲಾರ ಚಿನ್ನದ ಗಣಿ’ ಎಂಬ ಹೆಸರು. ಕೋಲಾರ ಪಟ್ಟಣದಲ್ಲಿ ಇಳಿದು ಗಣಿ ಎಲ್ಲೆಂದು ಕೇಳಿದವರು ಮತ್ತೆ ಸುಮಾರು 30 ಕಿ.ಮೀ. ಬರಬೇಕು. 2018ರ ಚಲನಚಿತ್ರ ಬಂದಮೇಲೆ ಹೆಸರು ಕೇಳಿ ನೋಡಲು ಬರುವವರೂ ಉಂಟು. ಅವರಿಗೆ ಕಾಣುವುದು ಬೂದುಬಣ್ಣದ ಸಯನೈಡ್ ದಿಬ್ಬಗಳು, ಎಂದರೆ ಚಿನ್ನ ತೆಗೆದುಕೊಂಡು ಉಳಿದ ಹುಡಿಯ ರಾಶಿ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ತಾತ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಗಣಿಯೊಳಗೆ ಕಲ್ಲು ತುಂಬುವ ಕೆಲಸ. “ಚಿನ್ನ ಹೇಗಿತ್ತು ತಾತ?” ಎಂದರೆ, “ಚಿನ್ನ ಯಾರು ಕಂಡರಪ್ಪ, ನಾವು ಕಂಡದ್ದು ಕಲ್ಲು” ಎನ್ನುತ್ತಾರೆ. ಮಾತು ನಿಜ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ದೊರೆಯುತ್ತಿದ್ದುದು ಕೆಲವೇ ಗ್ರಾಂ. ಅಜ್ಜಿಯ ಕಿವಿಯ ಓಲೆಯನ್ನು ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಕಂತಿನ ಮೇಲೆ ತಂದರಂತೆ! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿನ ದುಡಿಮೆಯೆಲ್ಲ ರೈಲು ಹತ್ತಿತು. ನಮ್ಮ ತಂದೆಯವರು ಕತ್ತಲಿರುವಾಗಲೇ ಬೆಂಗಳೂರಿಗೆ ಹೊರಟು ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ತಾತನಂತೆ ಇವರೂ ಹಗಲಿನಲ್ಲಿ ಊರನ್ನು ನೋಡುವುದು ಭಾನುವಾರವೇ.

ಈ ಗಣಿಯಲ್ಲಿ ಚಿನ್ನವಲ್ಲದೆ ಇನ್ನೊಂದು ವಸ್ತುವೂ ಸಿಕ್ಕಿತ್ತು. ಆಕಾಶದಿಂದ ಬರುವ ಇತರ ಕಣಗಳನ್ನು ಬಂಡೆ ತಡೆದುಬಿಡುತ್ತದೆ. ನ್ಯೂಟ್ರಿನೋ ಎಂಬ ಕಣ ಮಾತ್ರ ಭೂಮಿಯನ್ನೇ ತೂರಿ ಹೋಗಬಲ್ಲುದು. ಆದುದರಿಂದ ಅದನ್ನು ಹಿಡಿಯುವವರಿಗೆ ಆಳವಾದ ಗಣಿಯೇ ಅನುಕೂಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋದ ಸುಳಿವನ್ನು ಇಲ್ಲಿಯೇ ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿಯೂ ಅದು ಕಂಡಿತು. ಅದೂ ಚಿನ್ನದ ಗಣಿಯೇ!

ಇದನ್ನೆಲ್ಲ ತಾತನಿಗೆ ವಿವರಿಸಿದೆ. ಬಹಳ ಹೊತ್ತು ಕೇಳಿ, “ಅದರ ತೂಕ ಎಷ್ಟಪ್ಪ?” ಎಂದರು. ಆ ತೂಕವನ್ನು ಭೌತವಿಜ್ಞಾನಿಗಳು ಇನ್ನೂ ಅಳೆಯುತ್ತಲೇ ಇದ್ದಾರೆಂದು ಆಮೇಲೆ ಗ್ರಂಥಾಲಯದಲ್ಲಿ ಓದಿದೆ.