ಹಲಗೆಯ ನೆಲ, ಗೋಡೆಯ ಅಂಚು

ಮಲೆನಾಡಿನ ನಮ್ಮ ಮನೆಯ ಮಹಡಿಗೆ ಸಾಗುವಾನಿಯ ಹಲಗೆ ಹಾಸಿದಾಗ, ಗೋಡೆಯ ಬುಡದಲ್ಲಿ ಆಚಾರಿಯು ಬಿಟ್ಟಿದ್ದ ಅರ್ಧ ಅಂಗುಲದ ಸಂದನ್ನು ಕಂಡು ನಾವು ಆತನನ್ನು ಆಕ್ಷೇಪಿಸಿದೆವು. ಕಸ ಸೇರುವುದೆಂಬ ಭಯದಿಂದ ಅದನ್ನು ತುಂಬಿಸಿಯೂ ಬಿಟ್ಟೆವು. ಆಷಾಢದ ಮಳೆ ಹಿಡಿದೊಡನೆಯೇ ನಮ್ಮ ಅಜ್ಞಾನಕ್ಕೆ ಫಲ ದೊರೆಯಿತು. ಹಲಗೆಗಳು ಹಿಗ್ಗಲು ಎಡೆಯಿಲ್ಲದೆ ಕೋಣೆಯ ನಡುವೆ ಬೆನ್ನೆತ್ತಿ ನಿಂತುವು! ಮರವು ಅಗಲದಲ್ಲಿ ಹಿಗ್ಗುವಂತೆ ಉದ್ದದಲ್ಲಿ ಹಿಗ್ಗದು. ಆದುದರಿಂದ ಸಂದನ್ನು ಪಟ್ಟಿಯಿಂದ ಮುಚ್ಚಬೇಕೇ ಹೊರತು ತುಂಬಲಾಗದು. ಆ ಪಟ್ಟಿಯ ಮೊಳೆಯು ಗೋಡೆಯಲ್ಲಿ ಕೂರಿಸಿದ ಮರದ ಬೆಣೆಯನ್ನು ಹಿಡಿಯಬೇಕು, ನೆಲದ ಹಲಗೆಯನ್ನಲ್ಲ.

ಇನ್ನು ಬಣ್ಣದ ವಿಚಾರ. ಗೋಡೆಗೊಪ್ಪುವ ಬಿಳಿಯ ಪಟ್ಟಿಯು ನೋಡಲು ಸೊಗಸೇ ಸರಿ. ನಿತ್ಯವೂ ನೆಲ ಒರೆಸುವ ಗೃಹಿಣಿಯನ್ನು ಕೇಳಿದರೆ ಆ ಸೊಗಸಿನ ಬೆಲೆ ತಿಳಿದೀತು. ನಾವು ಸಾಗುವಾನಿಯ ಪಟ್ಟಿಯನ್ನೇ ಆರಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ತಿಕ್ಕಿಸಿದೆವು. ಒಂದು ಲೇಪ ಆರಿದ ಮೇಲೆಯೇ ಮತ್ತೊಂದು. ಗೋಡೆಗೆ ತಾಗುವ ಬೆನ್ನಿಗೂ ಎಣ್ಣೆ ಬೇಕು. ಒಂದೇ ಮೈ ತೇವ ಹೀರಿದರೆ ಪಟ್ಟಿಯು ಸೊಟ್ಟಗಾಗುತ್ತದೆ.

ಎಣ್ಣೆ ತಿಕ್ಕಿದ ಚಿಂದಿಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆಸೆಯಕೂಡದು. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸತಕ್ಕದ್ದು.