ನಿಮಗಿದು ಗೊತ್ತೆ? ಬ್ರಹ್ಮದಂಡೆಯ ಚೆಂಡು ಒಂದೇ ಹೂವಲ್ಲ

ನವಲಗುಂದ, ಅಣ್ಣಿಗೇರಿ ಸೀಮೆಯಂಥ ಒಣ ಬಯಲಿನ ಬದು, ಬೀಳುಗಳಲ್ಲಿ ಬೆಳೆಯುವ ಮುಳ್ಳುಗಿಡ ಬ್ರಹ್ಮದಂಡೆ. ಸೇವಂತಿ, ಸೂರ್ಯಕಾಂತಿ, ಕುಸುಬಿಗಳ ಕುಟುಂಬಕ್ಕೆ ಸೇರಿದ ಇದರ ಕುಲದ ಹೆಸರು ಎಕಿನಾಪ್ಸ್. ಗ್ರೀಕ್ ಭಾಷೆಯಲ್ಲಿ ‘ಮುಳ್ಳುಹಂದಿಯಂತೆ ಕಾಣುವುದು’ ಎಂದರ್ಥ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ದಾಖಲಿಸಿದ ಈ ಕುಲದಲ್ಲಿ 100ಕ್ಕೂ ಹೆಚ್ಚು ಪ್ರಭೇದಗಳಿವೆ.

ಸೋಜಿಗವಿರುವುದು ಹೂವಿನ ರಚನೆಯಲ್ಲಿ. ಸೂರ್ಯಕಾಂತಿಯ ಒಂದು ತೆನೆಯಲ್ಲಿ ನೂರಾರು ಕಿರುಹೂಗಳು ಒಟ್ಟಾಗಿರುತ್ತವೆ. ಬ್ರಹ್ಮದಂಡೆಯಲ್ಲಿ ಒಂದು ತೆನೆಗೆ ಒಂದೇ ಕಿರುಹೂ! ಅಂಥ ಪುಟ್ಟ ತೆನೆಗಳು ಹಲವಾರು ಸುತ್ತಲೂ ಒತ್ತಾಗಿ ಕೂಡಿ ದುಂಡನೆಯ ಮುಳ್ಳುಚೆಂಡಾಗುತ್ತವೆ. ಈ ಚೆಂಡು ಅರಳುವುದು ಮೇಲಿನಿಂದ ಕೆಳಕ್ಕೆ. ಆಳವಾಗಿ ಸೀಳಿದ ಎಲೆಗಳ ಅಂಚಿಗೆ ಮುಳ್ಳು, ಅಡಿಬದಿಗೆ ಹತ್ತಿಯಂಥ ಬಿಳಿ ರೋಮ. ಹಳದಿ ಹೂವಿನ ದತ್ತೂರಿಯನ್ನೂ ಕೆಲವೆಡೆ ಬ್ರಹ್ಮದಂಡಿ ಎನ್ನುತ್ತಾರೆ. ಅದು ಗಸಗಸೆ ಕುಟುಂಬದ ವಿಷದ ಗಿಡ, ಇದಕ್ಕೂ ಅದಕ್ಕೂ ನಂಟಿಲ್ಲ.